ಹೆಂಡತಿಗೆ ಚಿತ್ರ ಶಿಬಿರ, ಗಂಡನಿಗೆ ಕಾಸರಗೋಡು

ಭಿತ್ತಿಚಿತ್ರ ಕಲಿಯಲು ಹೊರಟ ಹೆಂಡತಿಯ ಹಿಂದೆ ಬ್ಯಾಗು ಹೊತ್ತುಕೊಂಡು ಹೋಗುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. ತರಗತಿ ನಡೆಯುವುದು ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ. ಕಾಸರಗೋಡಿನ ಬಿಸಿಲು ನೆತ್ತಿ ಸುಡುವುದು ಆ ಹೊತ್ತಿನಲ್ಲೇ, ದೇವಸ್ಥಾನಗಳು ಮಧ್ಯಾಹ್ನದ ಪೂಜೆ ಮುಗಿಸಿ ಬಾಗಿಲು ಹಾಕುವುದೂ ಆಗಲೇ. ಆದ್ದರಿಂದ ಶಿಬಿರಕ್ಕೆ ಒಂದು ದಿನ ಮುಂಚೆ ಬಂದು, ನೋಡಬೇಕಾದ ದೇವಸ್ಥಾನಗಳನ್ನು ಇಬ್ಬರೂ ಸೇರಿ ನೋಡಿಬಿಡಿ.

ಆ ದಿನ ಕಾಸರಗೋಡು ಪೇಟೆಯಲ್ಲೇ ಉಳಿಯಿರಿ. ಬೆಳಿಗ್ಗೆ ಎದ್ದವರೇ ಮಧೂರಿನ ಗಣಪತಿ ದೇವಸ್ಥಾನಕ್ಕೆ ಹೋಗಿ. ದೂರ ಎಂಟು ಕಿಲೋಮೀಟರ್. ಆನೆಯ ಬೆನ್ನಿನಂತೆ ದುಂಡಾದ ಗಜಪೃಷ್ಠ ಗರ್ಭಗುಡಿ, ಮರದಲ್ಲಿ ಕೆತ್ತಿದ ರಾಮಾಯಣದ ದೃಶ್ಯಗಳು ಚಿತ್ರ ಬರೆಯುವವರ ಕಣ್ಣಿಗೆ ಹಬ್ಬ. ಪ್ರಸಾದದ ಅಪ್ಪ ಬಿಡಬೇಡಿ. ಅಲ್ಲಿಂದ ರಿಕ್ಷಾ ಹಿಡಿದು ಮಧ್ಯಾಹ್ನದ ಒಳಗೆ ಕುಂಬಳೆ ಸಮೀಪದ ಅನಂತಪುರದ ಕೆರೆ ದೇವಸ್ಥಾನ ಸೇರಬಹುದು. ಎಲ್ಲರೂ ಕೇಳುವುದು ಅಲ್ಲಿನ ಕೆರೆಯಲ್ಲಿದ್ದ ಮೊಸಳೆ ಬಬಿಯಾವನ್ನು. ಅದು 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನನ್ನ ಹೆಂಡತಿಗೆ ಮೊಸಳೆಗಿಂತ ಕುತೂಹಲ ಇದ್ದದ್ದು ಇಲ್ಲಿನ ಮೂಲವಿಗ್ರಹಗಳು ಕಲ್ಲಿನವೂ ಅಲ್ಲ, ಲೋಹದವೂ ಅಲ್ಲ, ಔಷಧೀಯ ದ್ರವ್ಯಗಳನ್ನು ಬೆರೆಸಿ ಮಾಡುವ ಕಡುಶರ್ಕರ ಪಾಕದವು ಎಂಬುದರಲ್ಲಿ. ಗಂಡಸರು ಒಂದು ಪಂಚೆ ಇಟ್ಟುಕೊಂಡಿರಿ; ಈ ಕಡೆಯ ಅನೇಕ ದೇವಸ್ಥಾನಗಳಲ್ಲಿ ಅಂಗಿ ಕಳಚಿಯೇ ಒಳಗೆ ಹೋಗಬೇಕು.

ನಮ್ಮ ಶಿಬಿರ ಕಾಸರಗೋಡು ಜಿಲ್ಲೆಯದೇ ಆದ ಹೊಸದುರ್ಗದಲ್ಲಿತ್ತು. ಬಸ್ಸಿನವರನ್ನು ಕೇಳುವಾಗ ಕಾಞಂಗಾಡ್ ಎನ್ನಿ. ಶಿಬಿರ ಎಲ್ಲಿದೆಯೋ ಅದರ ಪಕ್ಕದಲ್ಲೇ ಕೋಣೆ ಹಿಡಿಯಿರಿ. ಇಡೀ ದಿನ ನೆಲದ ಮೇಲೆ ಕುಳಿತು ಗೆರೆ ಎಳೆದವರಿಗೆ ಸಂಜೆ ಮತ್ತೆ ಬಸ್ಸಿನ ಕುಲುಕಾಟ ಬೇಡ. ಓಡಾಟದ ದಣಿವೆಲ್ಲ ಬಿಡುವಾಗಿರುವವರ ಪಾಲಿಗಿರಲಿ. ಚಂದ್ರಗಿರಿ ಹೊಳೆ ದಾಟಿದ ಮೇಲೆ ಕನ್ನಡ ತೆಳುವಾಗುತ್ತದೆ, ಆದರೆ ಅಂಗಡಿ, ಹೋಟೆಲುಗಳಲ್ಲಿ ಎಲ್ಲೂ ತೊಂದರೆಯಾಗಲಿಲ್ಲ.

ಹಗಲು ಏನು ಮಾಡುವುದು? ಬೇಕಲ ಕೋಟೆ ಹತ್ತಿರವಿದೆ ಎಂದು ಹನ್ನೆರಡಕ್ಕೆ ಹೋಗಬೇಡಿ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ, ನಲವತ್ತು ಎಕರೆಯಷ್ಟಿರುವ ಮುರಕಲ್ಲಿನ ಕೋಟೆ. ಒಳಗೆ ನೆರಳು ಕಡಿಮೆ, ಕಾದ ಕಲ್ಲು ಹೆಚ್ಚು. ಬಾಗಿಲು ತೆರೆಯುತ್ತಿದ್ದಂತೆ ಹೋಗಿ ಬಿಸಿಲೇರುವ ಮೊದಲೇ ಹೊರಬನ್ನಿ. ಕರಾವಳಿ ರಸ್ತೆಯಲ್ಲಿ ಉದುಮ, ಪಳ್ಳಿಕ್ಕೆರೆ ಹಾದುಹೋಗುವ ಬಸ್ಸುಗಳು ಬೇಕಾದಷ್ಟಿವೆ. ಕೋಟೆಯ ಹೆಸರಿನದೇ ರೈಲು ನಿಲ್ದಾಣವಿದ್ದರೂ ಅಲ್ಲಿ ನಿಲ್ಲುವ ರೈಲುಗಳು ಕಡಿಮೆ. ನಡುಹಗಲಿಗೆ ನನ್ನ ಆಯ್ಕೆ ಕಾಸರಗೋಡಿನ ವಿದ್ಯಾನಗರದಲ್ಲಿರುವ ನೇಕಾರರ ಸಹಕಾರ ಸಂಘ. ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ತೆಳು ಹತ್ತಿ, ಸಾದಾ ಅಂಚು, ಬಾಳಿಕೆ ಗಟ್ಟಿ. ಭಾನುವಾರ ಹೋಗಬೇಡಿ. ಕೊಂಡ ಸೀರೆಯನ್ನು ಸಂಜೆ ತೋರಿಸಿದರೆ ಬಿಸಿಲಲ್ಲಿ ಅಲೆದದ್ದಕ್ಕೆ ಲೆಕ್ಕ ಕೇಳುವವರಿರುವುದಿಲ್ಲ.

ತರಗತಿಯ ಬಾಗಿಲಲ್ಲಿ ಇಣುಕುತ್ತಾ ನಿಲ್ಲಬೇಡಿ, ಊಟಕ್ಕೂ ಕರೆಯಬೇಡಿ. ಶಿಬಿರಾರ್ಥಿಗಳು ತಮ್ಮತಮ್ಮಲ್ಲೇ ಉಣ್ಣಲಿ, ಅಲ್ಲಿಯೇ ಅರ್ಧ ಪಾಠ ನಡೆಯುತ್ತದೆ. ಕೊನೆಯ ಮಧ್ಯಾಹ್ನ ಮಾತ್ರ ಒಳಗೆ ಬಿಟ್ಟುಕೊಂಡರು. ಕೇರಳದ ಭಿತ್ತಿಚಿತ್ರ ಪಂಚವರ್ಣದ್ದು: ಹಳದಿ, ಕೆಂಪು, ಹಸಿರು, ಬಿಳಿ, ಕಪ್ಪು. ಹಿಂದೆ ಹಳದಿ, ಕೆಂಪು ಕಲ್ಲಿನಿಂದ, ಕಪ್ಪು ಎಣ್ಣೆದೀಪದ ಮಸಿಯಿಂದ ಬರುತ್ತಿತ್ತು. ಇಲ್ಲಿ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಬಣ್ಣ. ಹಳದಿ ಗೆರೆಯಲ್ಲಿ ಆರಂಭಿಸಿ, ಬಣ್ಣ ತುಂಬಿ, ಕಡೆಗೆ ಕೂದಲೆಳೆಯಂಥ ಕುಂಚದಿಂದ ಕಪ್ಪು ಗೆರೆ. ಕಣ್ಣು ಎಲ್ಲಕ್ಕಿಂತ ಕೊನೆಗೆ. ನನ್ನವಳು ಉಸಿರು ಬಿಗಿಹಿಡಿದು ಗಣಪತಿಯ ಎಡಗಣ್ಣಿನ ರೆಪ್ಪೆ ಎಳೆಯುವಾಗ ನಾನು ಕೆಮ್ಮು ನುಂಗಿಕೊಂಡು ನಿಂತೆ.

ತಿರುಗಿ ಬರುವಾಗ ಚಿತ್ರ ಸಾಗಿಸುವುದು ನಿಮ್ಮ ಜವಾಬ್ದಾರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗಲವಾದ ಪಿವಿಸಿ ಪೈಪಿನ ತುಂಡು, ಎರಡು ಮುಚ್ಚಳ ಕೊಂಡುಕೊಳ್ಳಿ. ಕ್ಯಾನ್ವಾಸನ್ನು ಎಂದೂ ಮಡಚಬೇಡಿ; ಬಣ್ಣದ ಮೈ ಹೊರಗೆ ಬರುವಂತೆ ಸಡಿಲವಾಗಿ ಸುತ್ತಿ, ಪದರಗಳ ನಡುವೆ ಬಟರ್ ಪೇಪರ್ ಇಡಿ. ವೃತ್ತಪತ್ರಿಕೆ ಸಲ್ಲದು, ಸೆಕೆಗೆ ಅಂಟಿಕೊಂಡರೆ ಗಣಪತಿಯ ಹೊಟ್ಟೆಯ ಮೇಲೆ ಸುದ್ದಿ ಅಚ್ಚಾಗುತ್ತದೆ.

ಮಳೆಗಾಲದ ಶಿಬಿರಕ್ಕೆ ಒಪ್ಪಬೇಡಿ, ಬಣ್ಣವೂ ಬಟ್ಟೆಯೂ ಒಣಗುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯದು. ಆಗ ದೈವಾರಾಧನೆಯ ಕುಣಿತವಾದ ತೆಯ್ಯಂ ಹಂಗಾಮು, ಮುಖಕ್ಕೆ ಬಣ್ಣ ಬರೆಯುವುದನ್ನು ನೋಡಲು ಅವಕಾಶ ಸಿಕ್ಕರೆ ಒಂದು ಸಂಜೆ ಅದಕ್ಕೆ ಮೀಸಲಿಡಿ. ಫೋಟೋ ತೆಗೆಯುವ ಮೊದಲು ಅಲ್ಲಿನ ಹಿರಿಯರನ್ನು ಕೇಳಿ.