ಹೆಬ್ಬೆರಳಿನ ಬುಡದ ಗುಳಿ

ಮೆಟ್ಟಿಲು ಒದ್ದೆಯಾಗಿತ್ತು. ಇನ್ನೆರಡು ಮೆಟ್ಟಿಲು ಇಳಿಯುವುದಿತ್ತು, ಅಷ್ಟರಲ್ಲಿ ಕಾಲು ಜಾರಿತು. ಬೀಳುವವರು ಯಾರೇ ಆದರೂ ತಮಗೆ ಗೊತ್ತಿಲ್ಲದೆಯೇ ಕೈ ಮುಂದೆ ಚಾಚುತ್ತಾರೆ. ನಾನೂ ಚಾಚಿದೆ. ಇಡೀ ದೇಹದ ಭಾರ ಬಲ ಅಂಗೈಯ ಮೇಲೆ ಬಿತ್ತು. ಎದ್ದು ಕೈ ಕೊಡವಿಕೊಂಡೆ. ಚರ್ಮ ಅಲ್ಲಲ್ಲಿ ತರಚಿತ್ತು, ಮಣಿಕಟ್ಟಿನಲ್ಲಿ ಮಂದವಾದ ನೋವಿತ್ತು, ಅಷ್ಟೆ. ದೊಡ್ಡ ಬಾವು ಇರಲಿಲ್ಲ. ಕೈ ಸೊಟ್ಟಗಾಗಿರಲಿಲ್ಲ.

ಅಪ್ಪ ಬಂದು ಕೈ ಹಿಡಿದು ನೋಡಿದರು. "ಬೆರಳು ಮಡಿಸು. ಈಗ ಬಿಡಿಸು. ಆಡುತ್ತಿವೆಯಲ್ಲ, ಮೂಳೆ ಮುರಿದಿಲ್ಲ, ಉಳುಕಿದೆ," ಎಂದರು. ಅದೇ ಉಸಿರಿನಲ್ಲಿ ಒಳಗೆ ಹೋಗಿ ತಮ್ಮ ಪೆಟ್ಟಿಗೆಯನ್ನು ತಂದರು.

ಆ ಪೆಟ್ಟಿಗೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಪ್ಪ ವೈದ್ಯರಲ್ಲ. ಆದರೆ ನಾನು ಹುಟ್ಟುವ ಮೊದಲಿನಿಂದಲೂ ಹೋಮಿಯೋಪಥಿ ಓದಿಕೊಂಡವರು. ಮರದ ಪೆಟ್ಟಿಗೆಯೊಳಗೆ ಸಾಲಾಗಿ ಸಣ್ಣ ಗಾಜಿನ ಶೀಶೆಗಳು, ಪ್ರತಿಯೊಂದರ ಬಿರಡೆಯ ತಲೆಯ ಮೇಲೆ ಅವರ ಗುಂಡಗಿನ ಅಕ್ಷರದಲ್ಲಿ ಮದ್ದಿನ ಹೆಸರಿನ ಮೊದಲೆರಡು ಅಕ್ಷರ. ಬಿರಡೆ ತೆಗೆದಾಗ ಏಳುವ ಸ್ಪಿರಿಟ್ ವಾಸನೆಯೇ ನನ್ನ ಬಾಲ್ಯದ ವಾಸನೆ. ಮೊಣಕಾಲು ಕೆತ್ತಿಕೊಂಡು ಅಳುತ್ತಾ ಬಂದಾಗಲೆಲ್ಲ ಅವರು ಆ ಶೀಶೆಯನ್ನು ಬಗ್ಗಿಸಿ, ಬೆರಳಿಂದ ಮೆಲ್ಲನೆ ತಟ್ಟಿ, ನಾಲ್ಕೇ ನಾಲ್ಕು ಗುಳಿಗೆಗಳನ್ನು ಮುಚ್ಚಳಕ್ಕೆ ಬೀಳಿಸುತ್ತಿದ್ದರು. ಅವುಗಳಿಗೆ ಕೈ ತಾಗಿಸುತ್ತಿರಲಿಲ್ಲ. ನಾಲಿಗೆ ಚಾಚಿದರೆ ಮುಚ್ಚಳವನ್ನೇ ಬಗ್ಗಿಸುತ್ತಿದ್ದರು. ಗುಳಿಗೆ ಕರಗುವಷ್ಟರಲ್ಲಿ ಅಳು ನಿಂತಿರುತ್ತಿತ್ತು.

ಪೆಟ್ಟಾದರೆ ಹೋಮಿಯೋಪಥಿಯಲ್ಲಿ ಮೊದಲ ಮದ್ದೆಂದರೆ ಆರ್ನಿಕಾ. ಯೂರೋಪಿನ ಬೆಟ್ಟಗಳಲ್ಲಿ ಹಳದಿ ಹೂ ಬಿಡುವ ಗಿಡ ಅದರ ಮೂಲ. ಜಜ್ಜಿದ ಗಾಯ, ರಕ್ತ ಹೆಪ್ಪುಗಟ್ಟಿ ನೀಲಿಯಾದ ಜಾಗ, ಬಿದ್ದ ಮೇಲಿನ ಮೈಕೈ ನೋವು ಎಲ್ಲಕ್ಕೂ ಅದೇ. ನರ ಜಜ್ಜಿದರೆ, ಬಾಗಿಲ ಸಂದಿಗೆ ಬೆರಳು ಸಿಕ್ಕರೆ ಹೈಪೆರಿಕಮ್. ಮಣಿಕಟ್ಟು, ಹಿಮ್ಮಡಿಗಂಟು ಉಳುಕಿದರೆ ರೂಟಾ. ಮುರಿದ ಮೂಳೆಗೆ ಸಿಂಫೈಟಮ್. ಈ ಪಾಠ ನನಗೆ ಮಗ್ಗಿಯಷ್ಟೇ ಬಾಯಿಪಾಠ. ಅಂದು ಅಪ್ಪ ಆರ್ನಿಕಾ 200 ಕೊಟ್ಟರು, ಮರುದಿನದಿಂದ ರೂಟಾ 30; ಮದ್ದನ್ನು ಎಷ್ಟು ಸಲ ತೆಳುಗೊಳಿಸಿದ್ದು ಎಂಬುದರ ಗುರುತು ಆ ಅಂಕಿ. ಕೊಡುವ ಮೊದಲು ಎಂದಿನಂತೆ ಕೇಳಿದರು: ಆಡಿಸಿದರೆ ನೋವು ಹೆಚ್ಚೋ, ಸುಮ್ಮನಿದ್ದರೆ ಹೆಚ್ಚೋ? ತಣ್ಣಗಿನದು ಹಿತವೋ, ಬಿಸಿಯೋ? ರಾತ್ರಿ ಎಚ್ಚರವಾಯಿತೇ? ಇಷ್ಟು ತಾಳ್ಮೆಯಿಂದ ನನ್ನ ನೋವಿನ ಬಗ್ಗೆ ಬೇರೆ ಯಾರೂ ಎಂದೂ ಕೇಳಿಲ್ಲ.

ಐದನೆಯ ದಿನಕ್ಕೆ ನೋವು ಬಹುಪಾಲು ಇಳಿದಿತ್ತು. "ನೋಡಿದೆಯಾ?" ಎಂದರು ಅಪ್ಪ. ನಾನೂ ಅವರಷ್ಟೇ ಸಂತೋಷಪಟ್ಟೆ. ಪೆಟ್ಟಿಗೆ ಮತ್ತೆ ಕಪಾಟು ಸೇರಿತು.

ಆದರೆ ಪೂರ್ತಿ ಹೋಗಲಿಲ್ಲ. ಬೀಗದ ಕೈ ತಿರುಗಿಸುವಾಗ ಒಂದು ಚಳುಕು. ಒದ್ದೆ ಬಟ್ಟೆ ಹಿಂಡುವಾಗ ಇನ್ನೊಂದು. ನೆಲಕ್ಕೆ ಅಂಗೈ ಊರಿ ಏಳುವುದನ್ನು ನಾನು ಯಾವಾಗ ಬಿಟ್ಟೆನೋ ನನಗೇ ತಿಳಿಯಲಿಲ್ಲ. ಕೈ ತನಗೆ ತಾನೇ ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಭಾರ ಹಾಕುವುದನ್ನು ಕಲಿತಿತ್ತು. ಉಳುಕು ಬೇಗ ಬಿಡುವುದಿಲ್ಲ ಎಂದು ಎಲ್ಲರೂ ಹೇಳಿದರು. ಅಪ್ಪ ಮದ್ದು ಬದಲಿಸಿದರು. ಹೀಗೆ ಏಳು ವಾರ ಕಳೆಯಿತು.

ಏಳನೆಯ ವಾರ, ಬೇರೇನೋ ಕಾರಣಕ್ಕೆ ವೈದ್ಯರ ಬಳಿ ಹೋದವ, ಹೊರಡುವ ಮುನ್ನ ಕೈ ವಿಷಯ ಎತ್ತಿದೆ. ಅವರು ನನ್ನ ಹೆಬ್ಬೆರಳನ್ನು ಮೇಲಕ್ಕೆ, ಹಿಂದಕ್ಕೆ ಸೆಟೆಸಲು ಹೇಳಿದರು. ಹಾಗೆ ಮಾಡಿದರೆ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕಕ್ಕೆ, ಎರಡು ಸ್ನಾಯುರಜ್ಜುಗಳು ಹಗ್ಗದಂತೆ ಎದ್ದು ನಿಲ್ಲುತ್ತವೆ. ಅವುಗಳ ನಡುವೆ ಒಂದು ಪುಟ್ಟ ಗುಳಿ ಬೀಳುತ್ತದೆ. ಹಿಂದೆ ನಶ್ಯ ಸೇದುವವರು ಚಿಟಿಕೆ ನಶ್ಯವನ್ನು ಅಲ್ಲಿಟ್ಟುಕೊಂಡು ಮೂಗಿಗೇರಿಸುತ್ತಿದ್ದುದರಿಂದ ಅಂಗರಚನಾಶಾಸ್ತ್ರದಲ್ಲಿ ಅದಕ್ಕೆ ನಶ್ಯದ ಡಬ್ಬಿ ಎಂದೇ ಹೆಸರು. ಅವರು ತಮ್ಮ ತೋರುಬೆರಳಿನ ತುದಿಯನ್ನು ಆ ಗುಳಿಗೆ ಇಟ್ಟು ಒತ್ತಿದರು. ಕಣ್ಣಲ್ಲಿ ನೀರು ಬಂತು. ಏಳು ವಾರಗಳಲ್ಲಿ ನಾವು ಯಾರೂ ಒತ್ತಿ ನೋಡದೆ ಇದ್ದ ಜಾಗ ಅದೊಂದೇ.

ಎಕ್ಸ್‌ರೇ ತೆಗೆದರು. ಬೆಳಕಿನ ಹಲಗೆಗೆ ಸಿಕ್ಕಿಸಿದ ಚಿತ್ರದಲ್ಲಿ, ಗೋಡಂಬಿಯಂತಹ ಒಂದು ಮೂಳೆಯ ಸೊಂಟದಲ್ಲಿ ಅಡ್ಡಗೆರೆಯೊಂದು ಕಾಣಿಸಿತು. ಅದು ಹೊಸ ಮುರಿತದ ಕೂದಲೆಳೆಯಂತಹ ಗೆರೆಯೂ ಆಗಿರಲಿಲ್ಲ. ಅಂಚು ಸವೆದು ಅಗಲವಾಗಿತ್ತು.

ಸ್ಕ್ಯಾಫಾಯ್ಡ್ ಎಂಬುದು ಆ ಮೂಳೆಯ ಹೆಸರು. ದೋಣಿಯ ಆಕಾರ ಎಂದು ಗ್ರೀಕ್ ಮೂಲದ ಅರ್ಥ. ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳಲ್ಲಿ ಅತಿ ಹೆಚ್ಚು ಮುರಿಯುವುದು ಇದೇ. ಕೈ ಚಾಚಿ ಬಿದ್ದವರಲ್ಲಿ ಮುರಿಯುತ್ತದೆ, ಉಳುಕಿನ ವೇಷ ಹಾಕಿಕೊಂಡು ಕೂರುತ್ತದೆ. ಬಾವು ಕಡಿಮೆ, ಆಕಾರ ಕೆಡುವುದಿಲ್ಲ, ಬೆರಳುಗಳು ಚೆನ್ನಾಗಿ ಆಡುತ್ತವೆ. ಬೆರಳು ಆಡಿದರೆ ಮೂಳೆ ಮುರಿದಿಲ್ಲ ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಬೆರಳನ್ನು ಆಡಿಸುವುದು ಸ್ನಾಯುಗಳು. ಮುರಿತ ಇದೆಯೋ ಇಲ್ಲವೋ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಎಷ್ಟೋ ಸಲ ಮೊದಲ ದಿನದ ಎಕ್ಸ್‌ರೇಯಲ್ಲೂ ಈ ಮುರಿತ ಕಾಣಿಸದು. ಆ ಗುಳಿಯಲ್ಲಿ ನೋವಿದ್ದರೆ ಸಾಕು, ಚಿತ್ರ ಸ್ವಚ್ಛವಾಗಿದ್ದರೂ ಕಟ್ಟು ಹಾಕಿ, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆದು ನೋಡುವುದು ವೈದ್ಯರ ಕ್ರಮ.

ಅಷ್ಟು ಎಚ್ಚರ ಯಾಕೆಂದರೆ ಈ ಮೂಳೆಗೆ ರಕ್ತ ಬರುವ ದಾರಿ ವಿಚಿತ್ರ. ಬಹುಪಾಲು ರಕ್ತ ಬೆರಳುಗಳ ಕಡೆಯ ತುದಿಯಿಂದ ಒಳಹೊಕ್ಕು ಹಿಂದಕ್ಕೆ, ಮುಂಗೈಯ ಕಡೆಗೆ ಹರಿಯುತ್ತದೆ. ಸೊಂಟದಲ್ಲಿ ಮುರಿದರೆ ಹಿಂದಿನ ತುಂಡಿಗೆ ರಕ್ತ ನಿಂತುಹೋಗಬಹುದು. ರಕ್ತವಿಲ್ಲದ ಮೂಳೆ ಕೂಡುವುದಿಲ್ಲ, ಕೆಲವೊಮ್ಮೆ ಸತ್ತೇ ಹೋಗುತ್ತದೆ. ಅಲುಗಾಡದಂತೆ ಕಟ್ಟುವುದು ನಾಲ್ಕು ವಾರ ತಡವಾದರೆ ಕೂಡದಿರುವ ಅಪಾಯ ಏರುತ್ತದೆ ಎಂದು ವೈದ್ಯರು ಹೇಳಿದರು. ನನಗೆ ಏಳು ವಾರ ಆಗಿತ್ತು. ಈ ಏಳು ವಾರ ನಾನು ಬಟ್ಟೆ ಹಿಂಡಿದ್ದೆ, ಚೀಲ ಹೊತ್ತಿದ್ದೆ, ಎರಡು ತುಂಡುಗಳನ್ನು ಒಂದಕ್ಕೊಂದು ಉಜ್ಜುತ್ತಾ ಬಂದಿದ್ದೆ.

"ನೋವು ಐದು ದಿನಕ್ಕೇ ಇಳಿಯಿತಲ್ಲ ಡಾಕ್ಟರ್?" ಎಂದು ಕೇಳಿದೆ. "ಇಳಿಯುತ್ತದೆ. ಏನೂ ತೆಗೆದುಕೊಳ್ಳದಿದ್ದರೂ ಇಳಿಯುತ್ತಿತ್ತು," ಎಂದರು.

ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಸಿಟ್ಟಿತ್ತು. ಅಪ್ಪನ ಮೇಲೆ, ಆ ಶೀಶೆಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಓದುಬರಹ ಬಲ್ಲ ನನ್ನ ಮೇಲೆ. ಹೇಗೆ ಹೇಳಬೇಕೆಂದು ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ಅಪ್ಪನ ಮುಖ ಕಂಡಾಗ ಒಂದೂ ಹೊರಡಲಿಲ್ಲ. ಚಿತ್ರವನ್ನು ಅವರ ಕೈಗಿಟ್ಟೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು. ನಂತರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ರಾತ್ರಿ ಊಟಕ್ಕೂ ಏಳಲಿಲ್ಲ. ನಾನು ಹೋಗಿ ನೋಡಿದರೆ ಮೇಜಿನ ಮೇಲೆ ಹೋಮಿಯೋಪಥಿಯನ್ನು ಹುಟ್ಟುಹಾಕಿದ ಹಾನಿಮನ್‌ನ ಆರ್ಗನಾನ್ ತೆರೆದಿತ್ತು. ಹೋಮಿಯೋಪಥಿಯ ಬುನಾದಿಯ ಗ್ರಂಥ, 1810ರಲ್ಲಿ ಮೊದಲು ಅಚ್ಚಾದದ್ದು. ಅಪ್ಪ ಅದನ್ನು ಎಷ್ಟು ಸಲ ಓದಿದ್ದಾರೋ. ಅಂದು 186ನೆಯ ಪರಿಚ್ಛೇದದ ಮೇಲೆ ಬೆರಳಿಟ್ಟು, "ಇಲ್ಲಿ ಕೂತುಕೋ," ಎಂದು ಓದಿ ಹೇಳಿದರು. ಹೊರಗಿನ ಪೆಟ್ಟಿನಿಂದ ಆದ ದೊಡ್ಡ ಹಾನಿಗೆ ಕೈಯ ಕೆಲಸವೇ ಬೇಕು ಎನ್ನುತ್ತದೆ ಆ ಭಾಗ. ತಪ್ಪಿದ ಕೀಲನ್ನು ಕೂರಿಸಬೇಕು, ಗಾಯದ ಅಂಚುಗಳನ್ನು ಹೊಲಿದು ಸೇರಿಸಬೇಕು, ಮುರಿದ ಮೂಳೆಯ ತುದಿಗಳನ್ನು ಒಂದಕ್ಕೊಂದು ಸರಿಯಾಗಿ ಹೊಂದಿಸಿ ಕಟ್ಟು ಕಟ್ಟಿ ಹಿಡಿದಿಡಬೇಕು. ಶಸ್ತ್ರವೈದ್ಯರ ಪಾಲಿನ ಕೆಲಸವೆಂದು ಹಾನಿಮನ್ ತಾನೇ ಒಪ್ಪಿಕೊಂಡ ಮಾತುಗಳು. ಎಕ್ಸ್‌ರೇ ಬಂದದ್ದು 1895ರಲ್ಲಿ, ಆತ ತೀರಿಕೊಂಡು ಐವತ್ತೆರಡು ವರ್ಷಗಳಾದ ಮೇಲೆ. ಚರ್ಮದೊಳಗೆ ಇಣುಕಿ ನೋಡುವ ಉಪಾಯವೇ ಇಲ್ಲದ ಕಾಲದಲ್ಲಿ ಆತನಿಗೆ ತಿಳಿದಿದ್ದ ವಿಷಯ ಇದು.

"ಇದನ್ನು ನಾನು ಎಷ್ಟೋ ಸಲ ಓದಿದ್ದೇನೆ," ಎಂದರು ಅಪ್ಪ. "ಅಡಿಗೆರೆ ಕೂಡ ಎಳೆದಿದ್ದೇನೆ, ನೋಡು." ಪೆನ್ಸಿಲಿನ ಹಳೆಯ ಗೆರೆ ಮಾಸಿ ಕಾಣುತ್ತಿತ್ತು. ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಸಿ.ಟಿ. ಸ್ಕ್ಯಾನ್ ಆಯಿತು, ಶಸ್ತ್ರಚಿಕಿತ್ಸೆಯೂ ಆಯಿತು. ಮುಂಗೈ ಮೂಳೆಯ ತುದಿಯಿಂದ ಚೂರು ಮೂಳೆ ತೆಗೆದು ಸವೆದ ಸಂದಿಗೆ ತುಂಬಿದರು, ತಲೆಯಿಲ್ಲದ ಒಂದು ಪುಟ್ಟ ತಿರುಪನ್ನು ಎರಡೂ ತುಂಡುಗಳ ಮೂಲಕ ಹಾಯಿಸಿದರು. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಬಹುಪಾಲು ನಿದ್ದೆಯಲ್ಲಿ ಕಳೆಯಿತು.

ಆಸ್ಪತ್ರೆಯಿಂದ ಬಂದ ಮರುದಿನ ಅಪ್ಪ ಪೆಟ್ಟಿಗೆ ತರಲಿಲ್ಲ. ಸಿಂಫೈಟಮ್ ಶೀಶೆಯೊಂದನ್ನೇ ಕೈಯಲ್ಲಿ ಹಿಡಿದು ಬಂದು, "ನಿನ್ನ ವೈದ್ಯರನ್ನು ಕೇಳಿ ಹೇಳು, ಇದನ್ನು ಕೊಡಬಹುದೇ ಎಂದು," ಅಂದರು. ಜೀವನದಲ್ಲಿ ಮೊದಲ ಬಾರಿಗೆ ಹಾಗೆ ಕೇಳಿದ್ದು.

ಕೇಳಿದೆ. ಆ ನೆಪದಲ್ಲಿ ನಾನೂ ಓದಿದೆ. ಸಿಂಫೈಟಮ್ ಎಂದರೆ ಕಾಮ್ಫ್ರಿ ಗಿಡ. ಕೂಡಿಕೊಂಡು ಬೆಳೆಯುವುದು ಎಂಬ ಗ್ರೀಕ್ ಪದದಿಂದ ಬಂದ ಹೆಸರು. ಯೂರೋಪಿನಲ್ಲಿ ಶತಮಾನಗಳ ಕಾಲ ಮುರಿದ ಕೈಕಾಲಿಗೆ ಇದರ ಬೇರನ್ನು ತೇದು ಪಟ್ಟು ಹಾಕಿದ್ದಾರೆ. ಆದರೆ ಆ ಗಿಡದಲ್ಲಿ ಯಕೃತ್ತಿಗೆ ವಿಷವಾಗುವ ಆಲ್ಕಲಾಯ್ಡ್‌ಗಳಿವೆ. ಆದ್ದರಿಂದ ಸೊಪ್ಪನ್ನೋ ಬೇರನ್ನೋ ತೆಳುಗೊಳಿಸದ ಮೂಲ ಸಾರವಾದ ಮದರ್ ಟಿಂಕ್ಚರನ್ನೋ ಹೊಟ್ಟೆಗೆ ತೆಗೆದುಕೊಳ್ಳಲೇಬಾರದು. ಆರ್ನಿಕಾ ಗಿಡವೂ ಹಾಗೆಯೇ, ಹೊಟ್ಟೆಗೆ ಹೋದರೆ ವಿಷ, ಅದರ ಮುಲಾಮನ್ನು ತೆರೆದ ಗಾಯಕ್ಕೆ ಹಚ್ಚುವಂತಿಲ್ಲ. ಗುಳಿಗೆಯ ವಿಷಯ ಬೇರೆ. 30 ಎಂಬ ಪೊಟೆನ್ಸಿಯೆಂದರೆ ನೂರರಲ್ಲಿ ಒಂದು ಪಾಲಿನಂತೆ ಮೂವತ್ತು ಸಲ ತೆಳುಗೊಳಿಸಿದ್ದು, ಅಂದರೆ ಒಂದರ ಮುಂದೆ ಅರವತ್ತು ಸೊನ್ನೆಗಳಷ್ಟು. ಹನ್ನೆರಡನೆಯ ಸಲ ದಾಟುವ ಹೊತ್ತಿಗೇ ಮೂಲ ಗಿಡದ ಒಂದು ಅಣುವೂ ಉಳಿದಿರುವ ಸಂಭವ ಬಹುಮಟ್ಟಿಗೆ ಇಲ್ಲವಾಗುತ್ತದೆ. ಹಾಗಾಗಿ ವಿಷವೂ ಇಲ್ಲ, ಮದ್ದೂ ಇಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯವಿದ್ದ ಅಧ್ಯಯನಗಳನ್ನು ಪರಿಶೀಲಿಸಿ, ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಇರುವ ಕಾಯಿಲೆ ಒಂದೂ ಇಲ್ಲವೆಂದು 2015ರಲ್ಲಿ ಹೇಳಿತು. ಓದುವಾಗ ನನಗೆ ಗೆದ್ದ ಭಾವವೇನೂ ಬರಲಿಲ್ಲ. ಮುಚ್ಚಳಕ್ಕೆ ಬೀಳುತ್ತಿದ್ದ ನಾಲ್ಕು ಗುಳಿಗೆಗಳ ಸದ್ದು ನೆನಪಾಗುತ್ತಿತ್ತು.

ವೈದ್ಯರು, "ಗುಳಿಗೆಯಾದರೆ ತೆಗೆದುಕೊಳ್ಳಿ, ತೊಂದರೆಯಿಲ್ಲ, ಕಟ್ಟು ಮಾತ್ರ ಬಿಚ್ಚಬೇಡಿ," ಎಂದರು. ಅಪ್ಪನಿಗೆ ಹಾಗೆಯೇ ಹೇಳಿದೆ. ದಿನಕ್ಕೆರಡು ಸಲ ನಾಲಿಗೆ ಚಾಚಿದೆ. ಮೂಳೆಗಾಗಿ ಅಲ್ಲ. ಏಳು ವಾರಗಳ ಬಳಿಕ ಅವರು ನನ್ನ ಹತ್ತಿರ ಕೂರಲು ಇದ್ದ ದಾರಿ ಅದೊಂದೇ ಆಗಿತ್ತು.

ಕಟ್ಟಿನೊಳಗೆ ಕೆಲಸ ಮಾಡಿದ್ದು ದೇಹವೇ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ವಾರಗಳಲ್ಲಿ ಅದರ ಜಾಗಕ್ಕೆ ಮೆತ್ತನೆಯ ಮೃದ್ವಸ್ಥಿಯ ಸೇತುವೆ ಬರುತ್ತದೆ, ಸುಣ್ಣದಂಶ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದನ್ನು ಒಂದು ಬಗೆಯ ಜೀವಕೋಶಗಳು ಕೊರೆದು ತೆಗೆದರೆ ಇನ್ನೊಂದು ಬಗೆಯವು ಹೊಸದಾಗಿ ಕಟ್ಟುತ್ತವೆ. ಈ ತಿದ್ದುವಿಕೆ ವರ್ಷಗಟ್ಟಲೆ ನಡೆಯುತ್ತದೆ. ಹೀಗೆ ತಿರುಪು ಹಾಕಿ ಬಿಗಿದಾಗ ಸೇತುವೆಯಿಲ್ಲದೆ ನೇರವಾಗಿಯೇ ಮೂಳೆಗೆ ಮೂಳೆ ಕೂಡುವುದೂ ಉಂಟು. ಯಾವ ಬಗೆಯಲ್ಲಾದರೂ ಅದು ನಮ್ಮಿಂದ ಕೇಳುವುದು ಎರಡನ್ನೇ: ತುದಿಗಳು ಹತ್ತಿರವಿರಬೇಕು, ಅಲುಗಾಡದಿರಬೇಕು. ಆ ಎರಡನ್ನೂ ನಾವು ಏಳು ವಾರ ಕೊಟ್ಟಿರಲಿಲ್ಲ.

ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿದಾಗ ಗೆರೆಯ ಬಹುಭಾಗವನ್ನು ಮೂಳೆ ದಾಟಿತ್ತು. ಮಣಿಕಟ್ಟು ಹಿಂದಕ್ಕೆ ಬಾಗುವುದು ಎಡಗೈಗಿಂತ ಈಗಲೂ ಕಡಿಮೆ. ಬೆಳಗ್ಗೆ ನಲ್ಲಿ ತಿರುಗಿಸುವಾಗ ಬಿಗಿ ಎನ್ನಿಸುತ್ತದೆ, ಬಿಸಿನೀರಿನಲ್ಲಿ ಹತ್ತು ನಿಮಿಷ ಆಡಿಸಿದರೆ ಸಡಿಲವಾಗುತ್ತದೆ.

ಅಪ್ಪ ಈಗಲೂ ವಾರಕ್ಕೊಮ್ಮೆ ನನ್ನನ್ನು ಕಿಟಕಿಯ ಬಳಿ ಕೂರಿಸಿಕೊಳ್ಳುತ್ತಾರೆ. ಕನ್ನಡಕ ಏರಿಸಿ, "ಹೆಬ್ಬೆರಳು ಸೆಟೆಸು," ಎನ್ನುತ್ತಾರೆ. ಎರಡು ಹಗ್ಗಗಳ ನಡುವೆ ಗುಳಿ ಬೀಳುತ್ತದೆ. ತಮ್ಮ ನಡುಗುವ ತೋರುಬೆರಳನ್ನು ಅಲ್ಲಿಟ್ಟು ಒತ್ತಿ, ನನ್ನ ಕಣ್ಣನ್ನೇ ನೋಡುತ್ತಾರೆ.

"ಇಲ್ಲ ಅಪ್ಪ, ನೋವಿಲ್ಲ."

"ಸರಿಯಾಗಿ ಹೇಳು," ಎಂದು ಇನ್ನೊಮ್ಮೆ ಒತ್ತುತ್ತಾರೆ.