ಹಾಲಿನ ಕ್ಯಾನೂ ಆರ್ಗಾನ್ ವೆಲ್ಡಿಂಗೂ

ಡೈರಿಯವರು ಸೀಳು ಬಿಟ್ಟ ಹಾಲಿನ ಕ್ಯಾನ್ ತಂದಾಗಲೆಲ್ಲ ನನ್ನದು ಒಂದೇ ಮಾತು. "ಇದು ಅಲ್ಯೂಮಿನಿಯಂ ಅಣ್ಣ, ನನ್ನ ಕೈಲಾಗಲ್ಲ. ತುಮಕೂರಿಗೆ ತಗೊಂಡು ಹೋಗಿ."

ತಿಪಟೂರಿನ ಪಕ್ಕ ನನ್ನದೊಂದು ಗ್ರಿಲ್ ಶೆಡ್ ಇದೆ. ಹನ್ನೆರಡು ವರ್ಷದಿಂದ ಕಡ್ಡಿ ವೆಲ್ಡಿಂಗ್ ಮಾಡುತ್ತಿದ್ದೇನೆ. ಕಿಟಕಿ, ಗೇಟು, ಟ್ರೈಲರಿನ ಡೋರು, ಇಷ್ಟರಲ್ಲೇ ಹೊಟ್ಟೆ ತುಂಬುತ್ತಿತ್ತು. ಟಿಗ್ ಮಷೀನ್ ತರಬೇಕು ಅನ್ನೋ ಆಸೆ ಮಾತ್ರ ಹಳೆಯದು. ನಮ್ಮ ಕಡೆ ಟಿಗ್ ಅಂದರೆ ಯಾರಿಗೂ ಗೊತ್ತಾಗಲ್ಲ, ಆರ್ಗಾನ್ ವೆಲ್ಡಿಂಗ್ ಅನ್ನಬೇಕು. ಟಂಗ್‌ಸ್ಟನ್ ಕಡ್ಡಿಯ ತುದಿಯಲ್ಲಿ ಆರ್ಕ್, ಅಂದರೆ ಕರೆಂಟಿನ ಉರಿ, ಹತ್ತುತ್ತದೆ; ಕರಗಿದ ಲೋಹಕ್ಕೆ ಗಾಳಿ ತಾಕದ ಹಾಗೆ ಸುತ್ತ ಆರ್ಗಾನ್ ಗ್ಯಾಸ್ ಕಾವಲಿರುತ್ತದೆ. ಕಳೆದ ಬೇಸಿಗೆಯಲ್ಲಿ ಡೈರಿ ಅಣ್ಣ ಬೇಜಾರಾಗಿ, "ಎಷ್ಟು ಸಲ ಅಂತ ಓಡಾಡೋದು? ನೀನೇ ಒಂದು ಮಷೀನ್ ತಂದ್ಬಿಡು ಕಣಪ್ಪ" ಅಂದರು. ಚೀಟಿ ಎತ್ತಿದ ದುಡ್ಡು ಕೈಯಲ್ಲಿತ್ತು. ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದೆ.

ಅಲ್ಲಿ ನಾನು ಮಾಡಿದ್ದು ದಡ್ಡತನ. ಅಂಗಡಿಯವ 200 ಆಂಪ್ಸಿನ ಡಿಸಿ ಮಷೀನ್ ತೋರಿಸಿ, "ಟಿಗ್ ಅಂದ್ರೆ ಎಲ್ಲಾ ಆಗುತ್ತೆ ಸರ್" ಅಂದ. ಎಸಿ, ಡಿಸಿ ಎರಡೂ ಇರುವ ಮಷೀನಿಗೆ ಅದರ ಎರಡೂವರೆ ಪಟ್ಟು ಬೆಲೆ. ದುಡ್ಡು ಉಳಿಯಿತಲ್ಲ ಅಂತ ಖುಷಿಯಲ್ಲಿ ಡಿಸಿಯನ್ನೇ ಹೊತ್ತು ತಂದೆ.

ಸಿಲಿಂಡರ್ ತುಮಕೂರಿನಲ್ಲೇ ಸಿಕ್ಕಿತು. ಡೆಪಾಸಿಟ್ ಕಟ್ಟಿ ಬಾಡಿಗೆಗೆ ತಂದೆ. ಹೆಗಲೆತ್ತರದ ನೀಲಿ ಸಿಲಿಂಡರ್, ಒಳಗೆ 7 ಕ್ಯೂಬಿಕ್ ಮೀಟರ್ ಆರ್ಗಾನ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 700 ನಿಮಿಷ, ಅಂದರೆ ಹನ್ನೊಂದೂವರೆ ಗಂಟೆ ಚಿಲ್ಲರೆ. ಆಟೋದಲ್ಲಿ ನಿಲ್ಲಿಸಿ ಹಗ್ಗ ಕಟ್ಟಿಕೊಂಡು ಬರುವಾಗ ದಾರಿಯುದ್ದಕ್ಕೂ ಇದೇ ಲೆಕ್ಕ.

ಕಬ್ಬಿಣದ ಮೇಲೆ ಹಾಕಿದ ಮೊದಲ ಗೆರೆ ನೋಡಿ ಮಗುವಿನ ಹಾಗೆ ಹಿಗ್ಗಿದೆ. ಕಿಡಿ ಇಲ್ಲ, ಹೊಗೆ ಇಲ್ಲ, ಸುತ್ತಿಗೆಯಲ್ಲಿ ಕುಟ್ಟಿ ತೆಗೆಯೋಕೆ ಸ್ಲ್ಯಾಗೂ ಇಲ್ಲ. ಅದೇ ಹುರುಪಿನಲ್ಲಿ ಹಾಲಿನ ಕ್ಯಾನ್ ಎತ್ತಿಕೊಂಡೆ. ಆರ್ಕ್ ಹತ್ತಿತು. ಮೇಲ್ಮೈ ಸುಕ್ಕುಗಟ್ಟಿತು. ಒಳಗೆ ಕರಗಿದೆ ಅಂತ ಗೊತ್ತಾಗುತ್ತಿದೆ, ಆದರೆ ಸೀಳು ತುಂಬುವ ಫಿಲ್ಲರ್ ಕಡ್ಡಿ ಮುಟ್ಟಿಸಿದರೆ ಸೇರಿಕೊಳ್ಳಲ್ಲ. ಹಂಗೂ ಹಿಂಗೂ ಮಾಡುವಷ್ಟರಲ್ಲಿ ಹೆಬ್ಬೆರಳು ತೂರುವಷ್ಟು ತೂತಾಗಿ ಕೆಳಗೆ ಬಿತ್ತು.

ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುತ್ತಲ್ಲ, ಹಾಗೆ ಅಲ್ಯೂಮಿನಿಯಂ ಮೇಲೂ ಒಂದು ಆಕ್ಸೈಡ್ ಪದರ ಇರುತ್ತದೆ. ಲೋಹ 660 ಡಿಗ್ರಿಗೆ ಕರಗುತ್ತದೆ. ಆ ಪದರ ಕರಗೋಕೆ 2,000 ಡಿಗ್ರಿ ದಾಟಬೇಕು. ಎಸಿಯಲ್ಲಿ ಕರೆಂಟು ದಿಕ್ಕು ಬದಲಿಸುತ್ತಾ ಇರುತ್ತದೆ. ಒಂದು ಸಲ ಪದರ ಒಡೆಯುತ್ತದೆ, ಇನ್ನೊಂದು ಸಲ ಲೋಹ ಕಾಯಿಸುತ್ತದೆ. ಒಂದೇ ದಿಕ್ಕಿಗೆ ಹರಿಯುವ ನನ್ನ ಡಿಸಿಗೆ ಕೆನೆ ಒಡೆಯುವ ಶಕ್ತಿಯೇ ಇರಲಿಲ್ಲ.

ಮತ್ತೆ ರೈಲು. ಅಂಗಡಿಯವ ಬಳಸಿದ ಮಷೀನ್ ಅಂತ ಎರಡು ಸಾವಿರ ಮುರಿದುಕೊಂಡು, ಉಳಿದ ದುಡ್ಡು ಹಾಕಿಸಿಕೊಂಡು ಎಸಿ-ಡಿಸಿ ಕೊಟ್ಟ. ಈ ಸಲ ನಾನೂ ಸುಮ್ನೆ ಬರಲಿಲ್ಲ, ಒಂದೊಂದನ್ನೂ ಕೇಳಿ ತಗೊಂಡೆ. 2.4 ಮಿಲಿಮೀಟರಿನ ಟಂಗ್‌ಸ್ಟನ್ ಕಡ್ಡಿ, ತುದಿಗೆ ನೀಲಿ ಬಣ್ಣದ್ದು. ಕೆಂಪು ತುದಿಯದರಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತದೆ, ಚೂಪು ಮಾಡೋಕೆ ಉಜ್ಜುವಾಗ ಅದರ ಧೂಳು ಕುಡಿಯೋದು ಯಾಕೆ ಅಂತ ಬಿಟ್ಟೆ. ಕಬ್ಬಿಣಕ್ಕೆ 70ಎಸ್-2, ಅಲ್ಯೂಮಿನಿಯಂಗೆ 5356 ಫಿಲ್ಲರ್. ತಾನಾಗೇ ಕಪ್ಪಾಗುವ ಹೆಲ್ಮೆಟ್, ಮೇಕೆ ಚರ್ಮದ ತೆಳು ಗ್ಲೌಸು. ಕಡ್ಡಿ ವೆಲ್ಡಿಂಗಿನ ದಪ್ಪ ಗ್ಲೌಸಿನಲ್ಲಿ ಫಿಲ್ಲರ್ ಹಿಡಿಯೋದು ಅಂದರೆ ಕಂಬಳಿ ಹೊದ್ದು ಸೂಜಿಗೆ ದಾರ ಪೋಣಿಸಿದ ಹಾಗೆ. ಜೊತೆಗೊಂದು ಸ್ಟೀಲ್ ಬ್ರಷ್, ಅದು ಅಲ್ಯೂಮಿನಿಯಂಗೆ ಮಾತ್ರ. ಕಬ್ಬಿಣ ಉಜ್ಜಿದ ಬ್ರಷ್ಷನ್ನೇ ಇದಕ್ಕೂ ಹಾಕಿದರೆ ಅದರ ಕೊಳೆ ಇಲ್ಲಿ ಹತ್ತುತ್ತದೆ. ಕೊನೆಗೆ ಫುಟ್ ಪೆಡಲ್. ಒತ್ತಿದರೆ ಕರೆಂಟು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಅಮ್ಮನ ಹೊಲಿಗೆ ಮಷೀನಿನ ಮೋಟರಿಗೂ ಇಂಥದ್ದೇ ಇತ್ತು, ಹಾಗಾಗಿ ಕಾಲಿಗೆ ಬೇಗ ಒಗ್ಗಿತು. ಎಲೆಕ್ಟ್ರಿಷಿಯನ್ ಬಂದು ಹೊಸ ವೈರು ಎಳೆದು 32 ಆಂಪ್ಸಿನ ಎಂಸಿಬಿ ಹಾಕಿಕೊಟ್ಟ. ಈ ಚಿಲ್ಲರೆ ಸಾಮಾನಿನದೇ ಬಿಲ್ಲು ಜಾಸ್ತಿ ಅನ್ನಿಸಿತು!

ಆದರೂ ಮೊದಲ ಮಧ್ಯಾಹ್ನ ಹಾಳಾಯಿತು. ಗೆರೆ ಎಳೆದರೆ ಪಕ್ಕದಲ್ಲೆಲ್ಲ ಮಸಿ, ಮಧ್ಯೆ ಸೆಟ್ ದೋಸೆಯ ಮೇಲಿನ ಹಾಗೆ ತೂತು. ಟಂಗ್‌ಸ್ಟನ್ ಮತ್ತೆ ಚೂಪು ಮಾಡಿದೆ. ಪೈಪಿನ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿದೆ. ಕ್ಯಾನನ್ನು ಅಸಿಟೋನಿನಲ್ಲಿ ಎರಡು ಸಲ ಒರೆಸಿದೆ. ಹಳೇ ಹಾಲಿನ ಜಿಡ್ಡೋ ಏನೋ ಅಂದುಕೊಂಡೆ. ಗ್ಯಾಸ್ 10ರಿಂದ 15ಕ್ಕೆ ಏರಿಸಿದೆ. ತೂತು ಮಾತ್ರ ಹಾಗೇ ಇತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ವೋಲ್ಟೇಜ್ ಕಮ್ಮಿ. ಇರೋದೆಲ್ಲ ಮಷೀನಿಗೇ ಸಿಗಲಿ ಅಂತ ಪಕ್ಕದ ಪೆಡಸ್ಟಲ್ ಫ್ಯಾನ್ ಆಫ್ ಮಾಡಿ ಕೂತೆ. ಪೆಡಲ್ ಒತ್ತಿದೆ. ವೆಲ್ಡಿಂಗ್ ಟಾರ್ಚಿನ ಕೆಳಗೆ ಪಾದರಸದ ಬೊಟ್ಟಿನ ಹಾಗೆ ಮಿರಮಿರ ಮಿಂಚುವ ಹನಿಯೊಂದು ಕೂತಿತು. ಕಡ್ಡಿ ಮುಟ್ಟಿಸಿದೆ, ನುಂಗಿತು. ಸರಿಸಿದೆ, ಮುಟ್ಟಿಸಿದೆ, ಮತ್ತೆ ನುಂಗಿತು. ಒಂದೂ ತೂತಿಲ್ಲ. ಸೆಖೆ ಅಂತ ಬೆನ್ನಿಗೆ ಹಾಕಿಕೊಂಡಿದ್ದ ಗಾಳಿಗೆ, ದುಡ್ಡು ಕೊಟ್ಟು ತಂದ ಆರ್ಗಾನೆಲ್ಲ ಇಡೀ ಮಧ್ಯಾಹ್ನ ತೆಂಗಿನ ತೋಟಕ್ಕೆ ಹೋಗಿತ್ತು.

ಅಲ್ಯೂಮಿನಿಯಂಗೆ ಇನ್ನೊಂದು ಚಾಳಿ ಇದೆ. ಕಬ್ಬಿಣ ಕೆಂಪಾಗಿ, ಕರಗ್ತೀನಿ ಅಂತ ಹೇಳಿ ಕರಗುತ್ತದೆ. ಇದು ಬಣ್ಣ ಬದಲಿಸಲ್ಲ. ಬೆಳ್ಳಗೇ ಇದ್ದು ದಢಕ್ಕಂತ ಕುಸಿಯುತ್ತದೆ. ಅಂಚು ಬರುವಾಗ ಕಾಲು ಮೆಲ್ಲಗೆ ಎತ್ತಬೇಕು. ಹಳೇ ಪಾತ್ರೆ ಪಡಗಗಳ ಮೇಲೆ ಎರಡು ವಾರ ಕೈ ಪಳಗಿಸಿಕೊಂಡೆ. ಆಮೇಲೇ ಡೈರಿ ಕ್ಯಾನಿನ ಸೀಳು ಮುಚ್ಚಿದ್ದು.

ರಾತ್ರಿ ಆ ಕ್ಯಾನಿಗೆ ಕಂಠಪೂರ್ತಿ ನೀರು ತುಂಬಿ ಶೆಡ್ಡಿನಲ್ಲಿ ಇಟ್ಟೆ. ಬೆಳಗ್ಗೆ ನೋಡಿದರೆ ಹೊರಗೆಲ್ಲ ಒದ್ದೆ! ಎದೆ ಧಸಕ್ಕಂತು. ಬಟ್ಟೆಯಲ್ಲಿ ಒರೆಸಿ, ವೆಲ್ಡಿನ ಗೆರೆಗೆ ಬೂದಿ ಬಳಿದು, ಕುಕ್ಕರುಗಾಲಿನಲ್ಲಿ ಹತ್ತು ನಿಮಿಷ ಕೂತೆ. ಬೂದಿ ಒಣಗಿಯೇ ಇತ್ತು. ರಾತ್ರಿಯ ಇಬ್ಬನಿ ಅಷ್ಟೇ. ಎದ್ದು ಡೈರಿ ಅಣ್ಣನಿಗೆ ಫೋನ್ ಮಾಡಿದೆ. "ಆಯ್ತಾ? ಇನ್ನೂ ನಾಕು ಕ್ಯಾನ್ ಇದಾವೆ ಕಣಪ್ಪ, ಈಗ್ಲೇ ತರ್ತೀನಿ" ಅಂದರು.