ಪುಟ್ಟಿನ ಹುಡಿಯ ಹದ

“ಇದು ಪುಟ್ಟಿನ ಹುಡಿಯಾಗಿದ್ರೆ ಆವಿ ಮೇಲೆ ಬರ್ಲಿಕ್ಕಿಲ್ಲ ಮಗಾ.”

ಸೋಮವಾರ ಹಾಳಾದ ಫ್ಲಾಸ್ಕುಗಳನ್ನು ಖಾಲಿ ಮಾಡುತ್ತಾ, ಲ್ಯಾಬಿನಲ್ಲಿ ಗಾಜು ತೊಳೆಯುವ ಬದಿಯಡ್ಕ ಕಡೆಯ ಅಕ್ಕ ವಿದ್ಯಾರ್ಥಿನಿಗೆ ಹೇಳಿದ ಮಾತಿದು. ಶನಿವಾರ ಬಂದರೂ ಕಿವಿಯಿಂದ ಹೋಗಿಲ್ಲ. ಪುಟ್ಟು ಎಂದರೆ ಪಸೆ ಮಾಡಿದ ಅಕ್ಕಿ ಹುಡಿಯನ್ನು ಕೊಳವೆಯಲ್ಲಿ ತುಂಬಿ ಆವಿಯಲ್ಲಿ ಬೇಯಿಸುವ ತಿಂಡಿ.

ಫ್ಲಾಸ್ಕಿನಲ್ಲಿದ್ದದ್ದು ಗೋಧಿ ಬೂಸ, ತೆಂಗಿನ ಹಿಂಡಿ, ಐದೈದು ಗ್ರಾಂ. ಅದರಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯ ಬೆಳೆಸಿ, ಪಿಷ್ಟ ಒಡೆಯುವ ಅಮೈಲೇಸ್ ತೆಗೆಯಬೇಕು. ನೇಯುವ ಮೊದಲು ನೂಲಿಗೆ ಹಾಕಿದ ಗಂಜಿಯನ್ನು ಬಟ್ಟೆಯಿಂದ ಬಿಡಿಸಲು ಬಳಸುವ ಕಿಣ್ವ ಅದು. ಬೂಸದಿಂದ ಪಿಷ್ಟ, ಹಿಂಡಿಯಿಂದ ಪ್ರೊಟೀನು. 37 ಡಿಗ್ರಿಯಲ್ಲಿ 48 ಗಂಟೆ ಇಟ್ಟು ತೆರೆದರೆ ತಳದಲ್ಲಿ ಮುದ್ದೆ, ಹುಳಿ ನಾತ.

ಹುಡುಗಿ ಅಸಡ್ಡೆ ಮಾಡುವವಳಲ್ಲ. ಬರೆದಿಟ್ಟ ಅಳತೆಯಂತೆ 10 ಗ್ರಾಂಗೆ 15 ಮಿಲಿ ಲವಣದ ನೀರು ಹಾಕಿದ್ದಳು. ಬರೀ ಬೂಸಕ್ಕಾದರೆ ಸರಿ; ಒಳಗೆ ಮೊದಲೇ ಇರುವ ಸುಮಾರು ಒಂದು ಗ್ರಾಂ ಪಸೆ ಸೇರಿ ಶೇ. 64 ತೇವ. ಹಿಂಡಿ ಅಷ್ಟು ನೀರು ಹಿಡಿಯುವುದಿಲ್ಲ, ಅರೆದ ಹಾಗಾಗುತ್ತದೆ. ಮೇಲಿಂದ ಸುರಿದ 2 ಮಿಲಿ ಕಲ್ಚರು (ಬ್ಯಾಕ್ಟೀರಿಯ ಬೆಳೆದ ದ್ರವ) ಲೆಕ್ಕಕ್ಕೇ ಬಂದಿರಲಿಲ್ಲ. ಹತ್ತಿಯ ಬಿರಡೆಗೆ ಕಾಗದ ಕಟ್ಟದೆ, ಒತ್ತಡದ ಆವಿಯಲ್ಲಿ ಸೂಕ್ಷ್ಮಾಣು ಕೊಲ್ಲುವ ಆಟೋಕ್ಲೇವಿನಲ್ಲಿ 121 ಡಿಗ್ರಿಗೆ 20 ನಿಮಿಷ ಇಟ್ಟದ್ದರಿಂದ ಆವಿಯ ನೀರೂ ಇಳಿದಿತ್ತು.

ಪುಟ್ಟಿನ ಆವಿ ಹಾಯುವುದು ಹುಡಿಯ ಕಣಗಳ ಸಂದಿನಲ್ಲಿ. ಬ್ಯಾಸಿಲಸ್‌ಗೆ ಗಾಳಿ ಸಿಗುವುದೂ ಅಂಥದೇ ಸಂದಿನಲ್ಲಿ, ಬೆಳೆಯುವಾಗ ಹುಟ್ಟುವ ಬಿಸಿ ಹೊರಹೋಗುವುದೂ ಅಲ್ಲೇ. ಸಂದು ನೀರಿನಿಂದ ಮುಚ್ಚಿದರೆ ಗಾಳಿ ಬೇಡದ ಬೇರೆ ಸೂಕ್ಷ್ಮಾಣುಗಳಿಗೆ ಹಬ್ಬ. ನಾವು ಅರ್ಧ ದಿನ ಹುಡುಕಿದ ಕಾರಣವನ್ನು ಅಕ್ಕ ಒಂದೇ ಮಾತಿನಲ್ಲಿ ಹೇಳಿದ್ದರು.

ಮಂಗಳವಾರ ಅವರನ್ನೇ ಕರೆದು ಹೊಸದಾಗಿ ಕಲಸಿದೆವು. ಕೈ ತೊಳೆದು ಬಂದು ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿದರು. ಉಂಡೆ ನಿಂತಿತು. ಹೆಬ್ಬೆರಳಲ್ಲಿ ಒತ್ತಿದ್ದೇ ಸರ್ರನೆ ಉದುರಿತು. ಅಂಗೈಯಲ್ಲಿ ಪಸೆಯಿತ್ತು, ನೀರಿರಲಿಲ್ಲ. “ಈಗ ಆಯ್ತು.” ನೀರು 10 ಮಿಲಿಗೆ ಇಳಿದಿತ್ತು, ಕಲ್ಚರೂ ಸೇರಿದರೆ ಶೇ. 59. ಆ ಉಂಡೆ ಉದುರಿದ್ದು ಇನ್ನೂ ಕಣ್ಣ ಮುಂದಿದೆ. ಎಷ್ಟೋ ವರ್ಷ ಇಂಥ ಕೈಗೆ ನಾವು ಬರೀ ಗಾಜು ಕೊಟ್ಟೆವಲ್ಲ ಎಂದು ಸಂಕಟವಾಗುತ್ತದೆ.

ಗುರುವಾರ ಪಿಎಚ್ 7ರ ಫಾಸ್ಫೇಟ್ ಬಫರ್ 100 ಮಿಲಿ ಹಾಕಿ ಅರ್ಧ ಗಂಟೆ ಕುಲುಕಿ, ತೆಳು ಬಟ್ಟೆಯಲ್ಲಿ ಸೋಸಿ, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಿಳಿ ತೆಗೆದೆವು. ಆ ತಿಳಿಯನ್ನು ಪಿಷ್ಟದ ಜೊತೆ ಬಿಟ್ಟು, ಸಕ್ಕರೆ ಇದ್ದರೆ ಬಣ್ಣ ತಿರುಗುವ ಡಿಎನ್‌ಎಸ್ ಹಾಕಿ ಕುದಿಸಿದರೆ ಕಂದು ಕೆಂಪು. 540 ನ್ಯಾನೋಮೀಟರಿನ ಬೆಳಕಿನಲ್ಲಿ ಬಣ್ಣದ ದಟ್ಟತೆ ಓದಬೇಕು. ಬೂಸದ ಸ್ವಂತ ಸಕ್ಕರೆಯೂ ಬಣ್ಣ ಕೊಡುತ್ತದೆ, ಹಾಗಾಗಿ ಕುದಿಸಿ ಕೊಂದ ಕಿಣ್ವದ ನಳಿಕೆಯೊಂದು ಪಕ್ಕದಲ್ಲಿ ಇರಲೇಬೇಕು. ಅದು ತೆಳು ಬಣ್ಣಕ್ಕೇ ನಿಂತಿತ್ತು, ಇದು ದಟ್ಟ.

ಮುಂದಿನ ವಾರ ಅಡಿಕೆ ಸಿಪ್ಪೆ, ನಾರಿನ ಕ್ಸೈಲಾನ್ ಒಡೆಯುವ ಕಿಣ್ವ ಕ್ಸೈಲನೇಸಿಗೆ. ಸಿಪ್ಪೆಯ ಒಗರಾದ ಟ್ಯಾನಿನ್ ಕಿಣ್ವಕ್ಕೆ ಅಂಟಿ ಕೆಲಸ ಕೆಡಿಸುತ್ತದೆ, ಮೊದಲು ಬೇಯಿಸಿ ಬಸಿಯಬೇಕು. ನಾರು ಬೇರೆ, ಹದವೂ ಬೇರೆ. ಅಕ್ಕನನ್ನು ಬೆಳಗ್ಗೆಯೇ ಬರಲು ಹೇಳಿದ್ದೇವೆ.